ಗೆಳೆಯಾ, ನಿನ್ನ ಒಪ್ಪಿಗೆ ಪತ್ರ ಓದಿದೆ

ತುಮಕೂರು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳೆಯಾ,

ವಾಟ್ಸಾಪಿನಲ್ಲಿ ನೀನು ಕಳಿಸಿದ ನಾಲ್ಕು ಪುಟದ ಫೋಟೋ ನೋಡಿದೆ, ಸರ್ವೆಗೆ ಮುಂಚೆ ಮನೆಯವರಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಅದರ ಜೊತೆ ಪ್ರಶ್ನೆಗಳು. ಮುಂದಿನ ತಿಂಗಳು ಕೋಲಾರದ ಕಡೆ ಆರೋಗ್ಯದ ಸರ್ವೆಗೆ ಇಳಿಯುತ್ತಿದ್ದೀಯ ಅಂತ ಖುಷಿಯಾಯಿತು. 'ಕನ್ನಡ ಸರಿಯಿದೆಯಾ ನೋಡು, ಎರಡು ನಿಮಿಷದ ಕೆಲಸ' ಅಂದಿದ್ದೆ. ಎರಡು ದಿನ ಹಿಡಿಯಿತು. ಕಾಗುಣಿತ ಒಂದೂ ತಪ್ಪಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಬೇರೆ ಕಡೆ ಇದೆ. ಫೋನಿನಲ್ಲಿ ಮುಗಿಸುವ ಮಾತಲ್ಲ ಅನ್ನಿಸಿ ಬರೆಯಲು ಕೂತೆ. ನಿನ್ನ ಹಾಗೆ ಟ್ಯಾಬು ಹಿಡಿದು ಊರೂರು ಸುತ್ತುವವರು ಬೇಕಾದಷ್ಟು ಜನ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೈಯಬೇಡ.

ಎರಡನೇ ಪುಟದಲ್ಲಿ ಒಂದು ಸಾಲಿದೆ: 'ನೀವು ಯಾವುದೇ ಹಂತದಲ್ಲಿ ಹಿಂದೆ ಸರಿಯಬಹುದು.' ಈ ಸಾಲು ನನಗೆ ಹಳೇ ನೆಂಟ. ಎಂಟು ವರ್ಷದ ಹಿಂದೆ ನಾನೂ ಒಂದು ಬಿಪಿ-ಶುಗರ್ ಸರ್ವೆಯಲ್ಲಿ ಇದ್ದೆನಲ್ಲ. ದುಡ್ಡು ಹೊರದೇಶದ್ದು, ಪ್ರಶ್ನೆಗಳೂ ಅಲ್ಲಿಂದಲೇ ಬಂದಿದ್ದವು. ಮಧುಗಿರಿ ದಾಟಿ ಒಂದು ಹಳ್ಳಿ. ಮಾರ್ಚ್ ತಿಂಗಳು, ಹುಣಸೆಹಣ್ಣು ಕುಟ್ಟುವ ಕಾಲ. ಜಗಲಿ ಮೇಲೆ ಒಬ್ಬ ಅಜ್ಜಿ ಹಣ್ಣನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಒಪ್ಪಿಗೆ ಪತ್ರ ಓದತೊಡಗಿದೆ. ಈ ಸಾಲು ಬಂತು. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ, ಕೂತಲ್ಲೇ ಒಂದು ಗೇಣು ಹಿಂದಕ್ಕೆ ಸರಿದರು. 'ಇಷ್ಟು ಸಾಕೇನಪ್ಪ?'

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆಫೀಸಿನಲ್ಲಿ ತಿಂಗಳುಗಟ್ಟಲೆ ಇದನ್ನು ಜೋಕು ಮಾಡಿಕೊಂಡು ಹೇಳಿದೆ. ಆಮೇಲೆ ಒಂದು ದಿನ ಹೇಳುತ್ತಿರುವಾಗಲೇ ಬಾಯಿ ಕಟ್ಟಿತು. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಪ್ಯಾಂಟಿನವನು 'ಹಿಂದೆ ಸರಿ' ಅಂದ, ಅಜ್ಜಿ ಸರಿದರು. ಬೇಡ ಅನ್ನುವ ಹಕ್ಕು ನಿನಗಿದೆ ಅಂತ ನಾನು ಹೇಳಿದ್ದು ಅವರ ಕಿವಿಗೆ ಅಪ್ಪಣೆಯಾಗಿ ಬಿದ್ದಿತ್ತು. ಅಂಥವರು ನನಗೆ 'ಆಗಲ್ಲ ಹೋಗಯ್ಯ' ಅನ್ನುತ್ತಿದ್ದರಾ?

ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟು. ಬೆರಳೆಲ್ಲ ಹುಣಸೆ ಅಂಟು, ಮಸಿ ಹಿಡಿಯಲಿಲ್ಲ. ಸೊಸೆ ಚೊಂಬಿನಲ್ಲಿ ನೀರು ತಂದಳು. ತೊಳೆದು, ಸೆರಗಿಗೆ ಒರೆಸಿ, ಇನ್ನೊಂದು ಸಲ ಒತ್ತಿದರು. ಗೆರೆ ಒಂದೂ ಮೂಡಲಿಲ್ಲ, ಬರೀ ಒಂದು ಕಪ್ಪು ಮಚ್ಚೆ. 'ರೇಷನ್ ಅಂಗ್ಡೀಲೂ ಇದೇ ಗೋಳು ಕಣಪ್ಪ, ಮಿಷನ್ನು ನನ್ನ ಬೆಟ್ಟು ಹಿಡಿಯಲ್ಲ' ಅಂದರು. 'ನಿಮ್ಮ ಮಾಹಿತಿ ಗೌಪ್ಯವಾಗಿರುತ್ತದೆ' ಅಂತ ನಾನು ಜೋರಾಗಿ ಓದುವಾಗ ಬೀದಿಯ ಹತ್ತು ಹನ್ನೊಂದು ಜನ ಮೇಲೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಮುಟ್ಟು ಯಾವ ವಯಸ್ಸಿಗೆ ನಿಂತಿತು ಅನ್ನುವ ಪ್ರಶ್ನೆಗೆ ಪಕ್ಕದ ಮನೆಯವಳು ಉತ್ತರ ಕೊಟ್ಟಳು. ಸಂಶೋಧನೆ ನ್ಯಾಯವಾಗಿ ನಡೆಯುತ್ತದಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಮುಂದೆ ನಮ್ಮ ಫಾರ್ಮು ಪಾಸಾಗಿತ್ತು, ಗೊತ್ತಾ? ಎಲ್ಲ ಸರಿಯಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇದನ್ನು ನಿನಗೂ ಹೇಳಿರಲಿಲ್ಲ.

ಆ ಸರ್ವೆಯಲ್ಲಿ ಕೆಮ್ಮಿನ ಮೇಲೂ ಒಂದು ಪ್ರಶ್ನೆ ಇತ್ತು. ಅಜ್ಜಿ 'ಎರಡು ತಿಂಗಳಿಂದ ಬಿಟ್ಟಿಲ್ಲ, ರಾತ್ರಿ ಹೊತ್ತು ಜಾಸ್ತಿ' ಅಂದರು. ಹೌದು ಅಂತ ಒತ್ತಿದೆ. ಟ್ಯಾಬು 'ಮುಂದಿನ ಪ್ರಶ್ನೆಗೆ ಹೋಗಿ' ಅಂದಿತು. ಹೋದೆ. ದಿನಕ್ಕೆ ಎಂಟು ಮನೆ ಮುಗಿಸಬೇಕಿತ್ತು, ಅದು ಐದನೆಯದು. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಪ್ರತಿ ಆಸ್ಪತ್ರೆಯ ಗೋಡೆ ಮೇಲೂ ಬರೆದಿರುತ್ತದೆ. ನನಗೂ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಮನೆಯವರಿಗೆ ಸಲಹೆ ಕೊಡಬೇಡಿ, ಡೇಟಾ ಕೆಡುತ್ತದೆ ಅಂತ ತರಬೇತಿಯಲ್ಲಿ ಹೇಳಿದ್ದರು. ಈ ನೆಪ ಎಷ್ಟು ಅನುಕೂಲದ್ದು ಅಂತ ಆಗ ಹೊಳೆಯಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮರುಭೇಟಿಗೆ ಹೋದಾಗ ಅಜ್ಜಿ ಅರ್ಧಕ್ಕರ್ಧ ಇಳಿದಿದ್ದರು. ಟಿಬಿ. ಮಾತ್ರೆ ಶುರುವಾಗಿ ಬರೀ ಮೂರು ವಾರ ಆಗಿತ್ತು. ಸೊಸೆ ಏನೂ ಅನ್ನಲಿಲ್ಲ. ಅಜ್ಜಿಯೇ ಅಂದರು, ಕೋಪ ಏನೂ ಇರಲಿಲ್ಲ: 'ನೀನು ಅವತ್ತೇ ಬರ್ಕೊಂಡು ಹೋಗಿದ್ದಲ್ಲಪ್ಪ.'

ಆಮೇಲೆ ಆ ಕೆಲಸ ಬಿಟ್ಟೆ. ಬಿಟ್ಟ ಮೇಲೆ ಓದುವ ಹುಚ್ಚು ಹತ್ತಿತು. ಆಗ ಸಿಕ್ಕಿದ್ದು ನಮ್ಮದೇ ಜಿಲ್ಲೆಯ ಕಥೆ, ನಮ್ಮೂರಲ್ಲಿ ಒಬ್ಬರೂ ಹೇಳುವುದಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆಯಲ್ಲ, ಅದನ್ನು 1960ರಲ್ಲಿ ನೆಹರು ಉದ್ಘಾಟಿಸಿದ್ದು. ಅದೇ ಹೊತ್ತಿಗೆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್‌ರೇ ತಗೊಂಡು ಹೋಗಿ ಕ್ಷಯ ಎಷ್ಟಿದೆ ಅಂತ ಲೆಕ್ಕ ಹಾಕಿದರು. ಅಲ್ಲಿ ದೇಬಬರ್ ಬ್ಯಾನರ್ಜಿ ಅಂತ ಒಬ್ಬರಿದ್ದರು. ಓದಿದ್ದು ವೈದ್ಯಕೀಯ, ಆಮೇಲೆ ಮಾನವಶಾಸ್ತ್ರ. ಸಂಸ್ಥೆಯಲ್ಲಿ ಮಾಡುತ್ತಿದ್ದದ್ದು ಸಮಾಜಶಾಸ್ತ್ರಜ್ಞನ ಕೆಲಸ. ಅವರೂ ಸ್ಟಿಗ್ ಆಂಡರ್ಸನ್ ಅನ್ನುವವರೂ ಸೇರಿ, ರೋಗ ಇದೆ ಅಂತ ಪತ್ತೆಯಾದವರ ಹತ್ತಿರ ಹೋಗಿ ಕೂತು ಮಾತಾಡಿಸಿದರು. ನಿಮಗೆ ಏನಾಗುತ್ತಿದೆ? ಅದರ ಬಗ್ಗೆ ಚಿಂತೆ ಇದೆಯಾ? ಏನು ಮಾಡಿದಿರಿ?

ಆ ಕಾಲಕ್ಕೆ ತಿಳಿದವರೆಲ್ಲ ನಂಬಿದ್ದು ಒಂದೇ. ಹಳ್ಳಿ ಜನಕ್ಕೆ ಅರಿವಿಲ್ಲ, ರೋಗ ಬಂದದ್ದೂ ತಿಳಿಯುವುದಿಲ್ಲ, ವ್ಯಾನು ಕಳಿಸಿ ಹುಡುಕಬೇಕು. ತುಮಕೂರಿನವರ ಉತ್ತರ ಬೇರೆಯೇ ಇತ್ತು. ಕಫದಲ್ಲಿ ರೋಗಾಣು ಸಿಕ್ಕವರ ಪೈಕಿ ನೂರಕ್ಕೆ ಸುಮಾರು 95 ಜನಕ್ಕೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಸುಮಾರು 72 ಜನಕ್ಕೆ ಅದೇ ಚಿಂತೆಯಾಗಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಗುತ್ತಿದ್ದದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕುಡಿದುಕೊಂಡು ಮನೆಗೆ ಹೋಗುತ್ತಿದ್ದರು.

1963ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಅದರಿಂದ ಹೊರಟ ದಾರಿ ಇದು: ಕೆಮ್ಮಿಕೊಂಡು ತಾವಾಗಿ ಬಂದವರ ಕಫವನ್ನು ಅಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಮನೆಗೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಮಾತ್ರೆ ಕೊಡುವುದು. ದೇಶದ ಕ್ಷಯರೋಗ ಕಾರ್ಯಕ್ರಮ ನಿಂತದ್ದು ಈ ತಳಪಾಯದ ಮೇಲೆ. ಆ ದಿನಗಳಲ್ಲಿ ಸಂಸ್ಥೆಯ ಜೊತೆ ಕೆಲಸ ಮಾಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಆಮೇಲೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಬ್ಯಾನರ್ಜಿ ದೆಹಲಿಯ ಜೆಎನ್‌ಯುನಲ್ಲಿ ಸಮುದಾಯ ಆರೋಗ್ಯದ ಕೇಂದ್ರ ಕಟ್ಟಿದರು. ಉತ್ತರ ಕೊಟ್ಟ ನಮ್ಮ ಜಿಲ್ಲೆಯ ಜನರ ಹೆಸರು ಎಲ್ಲೂ ಇಲ್ಲ. ಗೌಪ್ಯತೆಯ ನಿಯಮ, ಅದು ಸರಿಯೇ. ಆದರೂ ಬಸ್ಸಿನಲ್ಲಿ ಕೊರಟಗೆರೆ, ಮಧುಗಿರಿ ಕಡೆ ಹೋಗುವಾಗ ಕಿಟಕಿಯಾಚೆ ನೋಡುತ್ತಾ ಅನ್ನಿಸುತ್ತದೆ, ಇವರಲ್ಲಿ ಯಾರ ತಾತನೋ ಆ ಉತ್ತರ ಕೊಟ್ಟಿದ್ದು ಅಂತ.

ಎಲ್ಲವೂ ಹೀಗೆ ಚಂದ ಅಂದುಕೊಳ್ಳಬೇಡ. ಅದೇ ಸಂಸ್ಥೆ 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಕ್ಷಯರೋಗಿಗಳ ಲೆಕ್ಕ ಇಟ್ಟಿತು. ಐದು ವರ್ಷದಲ್ಲಿ ಸುಮಾರು ಅರ್ಧ ಜನ ಸತ್ತಿದ್ದರು, ಮೂರನೇ ಒಂದು ಪಾಲು ತಾವಾಗಿಯೇ ವಾಸಿಯಾಗಿದ್ದರು, ಉಳಿದವರು ಇನ್ನೂ ಕೆಮ್ಮುತ್ತಿದ್ದರು. ಸರಿಯಾಗಿ ಔಷಧಿ ಬೀಳದಿದ್ದರೆ ಕ್ಷಯ ಏನು ಮಾಡುತ್ತದೆ ಅನ್ನುವುದಕ್ಕೆ ಇವತ್ತಿಗೂ ಈ ಲೆಕ್ಕ ಉದಾಹರಿಸುತ್ತಾರೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆ 1952ರಿಂದಲೇ ಇತ್ತು. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಂಸ್ಥೆಯವರನ್ನು ಬೈಯಲು ನನಗೆಲ್ಲಿದೆ ಬಾಯಿ? ನಾನು ಮಾಡಿದ್ದೂ ಅಷ್ಟೇ ಅಲ್ವಾ, ಸಣ್ಣ ಮಟ್ಟದಲ್ಲಿ.

'ಈಗ ಕಾನೂನು ಬಿಗಿ ಇದೆ ಬಿಡೋ' ಅನ್ನುತ್ತೀಯ. ಆಗಿನ ಆಂಧ್ರದ, ಈಗಿನ ತೆಲಂಗಾಣದ ಖಮ್ಮಂ ನೆನಪಿಸಿಕೊ. 2009ರಲ್ಲಿ ಅಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಹೊರದೇಶದ ಸಂಸ್ಥೆಯೊಂದರ ಯೋಜನೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಕೆಲವು ಮಕ್ಕಳು ಸತ್ತ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಸಾವಿಗೆ ಲಸಿಕೆ ಕಾರಣವಲ್ಲ ಅಂತ ವಿಚಾರಣೆ ಹೇಳಿತು, ಅದನ್ನೂ ಹೇಳಬೇಕು. ಆದರೆ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು.

ನಿನ್ನ ಫಾರ್ಮಿಗೆ ಬರೋಣ. 'ಹಿಂದೆ ಸರಿಯಬಹುದು' ತೆಗೆದು, 'ಬೇಡ ಅನ್ನಿಸಿದರೆ ಈಗಲೇ ಬೇಡ ಅನ್ನಿ, ನಡುವೆ ನಿಲ್ಲಿಸಿ ಅಂದರೂ ನಿಲ್ಲಿಸುತ್ತೇವೆ, ನಿಮ್ಮ ರೇಷನ್ನಿಗೂ ಪೆನ್ಷನ್ನಿಗೂ ಏನೂ ಆಗುವುದಿಲ್ಲ' ಅಂತ ಹಾಕು. ರೇಷನ್ ಮಾತು ಬಿಡಬೇಡ, ಅವರ ತಲೆಯಲ್ಲಿರುವುದು ಅದೇ. 'ಸಂಶೋಧನೆ' ಅಂದರೆ ಮುಖ ಮುಖ ನೋಡುತ್ತಾರೆ. 'ಕೇಳಿ ತಿಳಿದುಕೊಳ್ಳಲು ಬಂದಿದ್ದೇವೆ, ಔಷಧಿ ಕೊಡಲು ಅಲ್ಲ' ಅನ್ನು. 'ಸ್ವಯಂಪ್ರೇರಿತವಾಗಿ' ಹೊಡೆದು ಹಾಕು, ನನಗೇ ಓದುವಾಗ ನಾಲಿಗೆ ತೊಡರಿತು.

ಇನ್ನು ಆ 22ನೇ ಪ್ರಶ್ನೆ, ಕೆಮ್ಮಿನದು. ನಿನ್ನ ಫಾರ್ಮಿನಲ್ಲೂ 'ಹೌದು' ಆದರೆ 23ಕ್ಕೆ ಹೋಗು ಅಂತಲೇ ಇದೆ. ತರಬೇತಿಯ ಮೊದಲ ದಿನವೇ ಎದ್ದು ನಿಂತು ಕೇಳು: ಹೌದು ಅಂದರೆ ನಾವೇನು ಮಾಡಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ, ಸಂಶೋಧನೆಯ ನಡುವೆ ಕಂಡುಬಂದ ಕಾಯಿಲೆಗೆ ಆರೈಕೆ ಮಾಡುವ ಮಾತಿದೆ, ಹಾಗಾಗಿ ನೀನು ಅಧಿಕಪ್ರಸಂಗಿ ಆಗುವುದಿಲ್ಲ. ಅವರು ಏನೇ ಹೇಳಲಿ, ಪ್ರತಿ ಊರಿನ ಆಶಾ ಕಾರ್ಯಕರ್ತೆಯ ನಂಬರು ಜೇಬಿನಲ್ಲಿಟ್ಟುಕೊ. ಕಫ ಪರೀಕ್ಷೆಗೂ ಮಾತ್ರೆಗೂ ಸರಕಾರಿ ಆಸ್ಪತ್ರೆಯಲ್ಲಿ ಒಂದು ರೂಪಾಯಿ ಕೊಡಬೇಕಿಲ್ಲ, ಇದನ್ನೂ ಹೇಳು, ಎಷ್ಟೋ ಜನ ಖರ್ಚಿಗೆ ಹೆದರಿಯೇ ಹೋಗುವುದಿಲ್ಲ. ಡೇಟಾ ಕೆಟ್ಟರೆ ಕೆಡಲಿ.

ಅಜ್ಜಿ ಗಟ್ಟಿಯಾಗಿದ್ದಾರೆ. ಹೋದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದೆ. ಉಪ್ಪು ಬೆರೆಸಿದ ಹುಣಸೆಹಣ್ಣು ಒಂದು ಉಂಡೆ ಕಟ್ಟಿಕೊಟ್ಟರು, ನನ್ನ ಹೆಸರು ಮಾತ್ರ ಈಗಲೂ 'ಬರ್ಕೊಂಡು ಹೋಗೋನು'. ಅರ್ಧ ನಿನಗೆ ಎತ್ತಿಟ್ಟಿದ್ದೇನೆ. ಕೋಲಾರಕ್ಕೆ ಹೋಗುವ ಮುಂಚೆ ಒಂದು ದಿನ ಬಾ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಫಾರ್ಮಿನ ಮುಂದೆ ಕೂರೋಣ. ಫೋಟೋ ಬೇಡ, ಫೈಲೇ ತಗೊಂಡು ಬಾ. ನಾಲ್ಕನೇ ಪುಟದ ಕೆಳಗಿನ ಎರಡು ಸಾಲು ನಿನ್ನ ಹೆಬ್ಬೆರಳ ಕೆಳಗೆ ಹೋಗಿದೆ, ಓದಲಾಗಲಿಲ್ಲ.

ನಿನ್ನ,
ತುಮಕೂರಿನ ಗೆಳೆಯ