ರೈಲಿನಲ್ಲಿ ಸಿಕ್ಕ ಅಜ್ಜಿಗೂ, ಚಿನ್ನಿಯನ್ನು ಉಳಿಸಿಕೊಟ್ಟ ಎಲ್ಲರಿಗೂ

ನಮ್ಮ ಚಿನ್ನಿ ಈಗ ಹುಷಾರಾಗಿದ್ದಾಳೆ. ನಿನ್ನೆ ತೂಕ ನೋಡಿದೆವು, 136 ಗ್ರಾಂ. ಆಪರೇಷನ್ ದಿನ 128 ಇತ್ತು. ಎಂಟು ಗ್ರಾಂ ಅಂದರೆ ಎರಡು ಟೀ ಚಮಚ ಸಕ್ಕರೆಯಷ್ಟೂ ಆಗಲಿಕ್ಕಿಲ್ಲ. ಆದರೆ ಅದರ ಹಿಂದೆ ಎಷ್ಟು ಜನರ ಕೈ ಇದೆ ಅಂತ ನೆನೆದರೆ ಕಣ್ಣು ತುಂಬುತ್ತದೆ. ಒಬ್ಬೊಬ್ಬರಿಗೂ ಎದುರು ನಿಂತು ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚಿನ್ನಿ ಒಂದು ಹ್ಯಾಮ್‌ಸ್ಟರ್, ಇಲಿಯಂಥ ಪುಟ್ಟ ಸಾಕುಪ್ರಾಣಿ. ಮೈಯೆಲ್ಲ ಹೊಂಬಣ್ಣ, ಹೊಟ್ಟೆ ಮಾತ್ರ ಬಿಳಿ. ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಮನೆಗೆ ಬಂದವಳು. ಈ ಪ್ರಾಣಿಗಳ ಎರಡೂ ಕೆನ್ನೆಯ ಒಳಗೆ ಚೀಲ ಇರುತ್ತದೆ, ಭುಜದ ತನಕ ಹಿಗ್ಗುತ್ತದೆ. ರಾತ್ರಿಯೆಲ್ಲ ಕಾಳು ತುಂಬಿಕೊಂಡು ಹೋಗಿ ಗೂಡಿನ ಮೂಲೆಯಲ್ಲಿ ಸುರಿದು ಬರುತ್ತಾಳೆ. ಹಾಗಾಗಿ ಕೆನ್ನೆ ಉಬ್ಬಿದ್ದರೆ ನಾವ್ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮಗಳು ಗಮನಿಸಿದಳು. "ಅಮ್ಮಾ, ಚಿನ್ನಿ ಬಲಗಡೆ ಕೆನ್ನೆ ಖಾಲಿನೇ ಮಾಡ್ತಿಲ್ಲ." ಬೆಳಿಗ್ಗೆ ನೋಡಿದರೆ ನಿಜ. ಎಡಗೆನ್ನೆ ಚಪ್ಪಟೆ, ಬಲಗೆನ್ನೆ ಹಾಗೇ ಉಬ್ಬಿತ್ತು. ಬೆರಳ ತುದಿಯಿಂದ ಮುಟ್ಟಿದೆ. ಕಿವಿಯ ಕೆಳಗೆ ಕಡಲೆಕಾಳಿನಷ್ಟು ಗಂಟು. ಗಟ್ಟಿಯಾಗಿತ್ತು, ಸುತ್ತ ಬಿಸಿ ಇತ್ತು. ಯಾವತ್ತೂ ಅಂಗೈಯಲ್ಲಿ ಕೂತು ಮೂತಿ ಒರೆಸಿಕೊಳ್ಳುವ ಚಿನ್ನಿ ಅವತ್ತು ಮುಖ ಹಿಂದೆ ಎಳೆದುಕೊಂಡಳು. ಎರಡು ದಿನಕ್ಕೆ ಅದು ಹುಣಸೆಬೀಜದಷ್ಟಾಯಿತು.

"ಇನ್ನೊಂದು ತಗೊಂಡ್ರೆ ಆಯ್ತಲ್ಲ, ಎಷ್ಟು ಮಹಾ ದುಡ್ಡು" ಅಂತ ಹೇಳಿದವರು ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಮಗಳ ಕಿವಿಗೆ ಬಿತ್ತು. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಮೊದಲ ಧನ್ಯವಾದ ನಮ್ಮ ತುಮಕೂರಿನ ಪಶುವೈದ್ಯರಿಗೆ. ಅವರು ನೋಡುವುದು ಜಾಸ್ತಿ ಹಸು, ಎಮ್ಮೆ, ನಾಯಿ. ಡಬ್ಬಿಯ ಮುಚ್ಚಳ ತೆಗೆದು ತುಂಬಾ ಹೊತ್ತು ನೋಡಿದರು. "ನೋಡಿ ಅಮ್ಮ, ಇದಕ್ಕೆ ನಾನು ಯಾವತ್ತೂ ಚಿಕಿತ್ಸೆ ಮಾಡಿಲ್ಲ. ಗೊತ್ತಿಲ್ಲದೆ ಕೈ ಹಾಕಲ್ಲ" ಅಂದರು. ಹೀಗೆ ಹೇಳಲು ದೊಡ್ಡ ಮನಸ್ಸು ಬೇಕು. ಅಷ್ಟಕ್ಕೇ ನಮ್ಮನ್ನು ಕಳಿಸಲೂ ಇಲ್ಲ. ಬೆಂಗಳೂರಿನಲ್ಲಿ ಮೊಲ, ಹಕ್ಕಿ, ಇಂಥ ಚಿಕ್ಕ ಪ್ರಾಣಿಗಳನ್ನು ನೋಡುವ ತಮ್ಮ ಸಹಪಾಠಿಗೆ ಅಲ್ಲೇ ಫೋನ್ ಹಚ್ಚಿದರು.

ಆ ಮೇಡಂ ಕೇಳಿದ ಮೊದಲ ಪ್ರಶ್ನೆ, "ಮನೇಲಿರೋ ಆಂಟಿಬಯೋಟಿಕ್ ಏನಾದ್ರೂ ಕೊಟ್ಟಿದ್ದೀರಾ?" ನನ್ನ ಎದೆ ಧಸಕ್ಕೆಂದಿತು. ಮಗಳಿಗೆ ಕೆಮ್ಮು ಬಂದಾಗ ತಂದ ಅಮಾಕ್ಸಿಸಿಲಿನ್ ಸಿರಪ್ ಫ್ರಿಜ್ಜಿನಲ್ಲಿತ್ತು. ಅವತ್ತು ರಾತ್ರಿ ಎರಡು ಹನಿ ಹಾಕೋಣ ಅಂತಲೇ ಇದ್ದೆ. ಮಕ್ಕಳಿಗೆ ಕೊಡುವ ಔಷಧಿ, ಇದಕ್ಕೇನಾಗುತ್ತೆ ಅಂದುಕೊಂಡಿದ್ದೆ. ಆದರೆ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿ ಹ್ಯಾಮ್‌ಸ್ಟರ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕೆಟ್ಟವು ಬೆಳೆದು ವಿಷ ಬಿಡುತ್ತವೆ, ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಮೇಡಂ, ನೀವು ಆ ಪ್ರಶ್ನೆ ಕೇಳದೆ ಇದ್ದಿದ್ದರೆ ನನ್ನ ಕೈಯಿಂದಲೇ ಅದು ನಡೆದುಹೋಗುತ್ತಿತ್ತು. ಇವತ್ತಿಗೂ ಫ್ರಿಜ್ಜಿನ ಬಾಗಿಲು ತೆಗೆದಾಗ ನೆನಪಾಗುತ್ತದೆ.

ಮಾರನೇ ದಿನ ಬೆಳಗಿನ ರೈಲು ಹತ್ತಿದೆವು. ದಾರಿಯಲ್ಲಿ ನೀರಿನ ಬಾಟಲಿ ಸೋರಿ ಹಾಸು ಒದ್ದೆಯಾಗುತ್ತೆ, ಅದನ್ನು ತೆಗೆದು ಸೌತೆಕಾಯಿ ತುಂಡು ಇಡಿ ಅಂತ ಮೇಡಂ ಹೇಳಿದ್ದರು. ಆ ಹೊತ್ತಿನ ರೈಲಿನ ರಶ್ಶು ದಿನಾ ಓಡಾಡುವವರಿಗೆ ಗೊತ್ತು. ಡಬ್ಬಿ ಎದೆಗೆ ಒತ್ತಿಕೊಂಡು ನಿಂತಿದ್ದೆ. ತಿಪಟೂರು ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ಸರಿದು ಕೂತು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಡಬ್ಬಿಯನ್ನು ತಮ್ಮ ಮಡಿಲಿಗೆ ತಗೊಂಡರು. ಕಿಟಕಿಯಿಂದ ಗಾಳಿ ಬೀಸುತ್ತಿತ್ತು, ಯಶವಂತಪುರದ ತನಕ ಸೆರಗು ಅಡ್ಡ ಹಿಡಿದೇ ಇದ್ದರು. "ಏನಾಗಿದೆ ಮಗೀಗೆ" ಅಂತ ಕೇಳಿದರು. ಇಲಿ ಅನ್ನಲಿಲ್ಲ, ಮಗು ಅಂದರು. ಆಮೇಲೆ "ಯಾವೂರಿಂದವ್ವ ಇದು?" ಅಂದರು. ಮಗಳಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಕರೆದುಕೊಂಡು ಹೋದ ಆಟೋದಣ್ಣನಿಗೂ ಧನ್ಯವಾದ. ರಸ್ತೆಯ ಒಂದೊಂದು ಹಂಪ್‌ಗೂ ನಿಧಾನ ಮಾಡಿದರು.

ಮೇಡಂ ನಮಗೆ ಏನನ್ನೂ ಮುಚ್ಚಿಡಲಿಲ್ಲ. ಕೀವು ಇರಬಹುದು, ನೀರ್ಗುಳ್ಳೆ ಇರಬಹುದು, ಕ್ಯಾನ್ಸರ್ ಗಡ್ಡೆಯೂ ಇರಬಹುದು, ಸೂಜಿ ಹಾಕಿ ನೋಡದೆ ಹೇಳೋಕಾಗಲ್ಲ ಅಂದರು. ಸಣ್ಣ ಸೂಜಿ ಹಾಕಿದರು. ಗಟ್ಟಿ ಮೊಸರಿನಂಥ ಕೀವು ಬಂತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ.

ಆಪರೇಷನ್‌ಗೆ ಖಾಲಿ ಹೊಟ್ಟೆಯಲ್ಲಿ ಇರಬೇಕೇನೋ ಅಂತ ನಾನು ಕಾಳು ತೆಗೆದಿಟ್ಟಿದ್ದೆ. ಇವಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಸಿದರೆ ಇನ್ನೂ ಸೋಲುತ್ತವೆ, ತಿನ್ನಲಿ ಬಿಡಿ ಅಂದರು. ಬಿಸಿ ಪ್ಯಾಡಿನ ಮೇಲೆ ಮಲಗಿಸಿ, ಪುಟ್ಟ ಮಾಸ್ಕಿನಿಂದ ಅರಿವಳಿಕೆ ಗ್ಯಾಸ್ ಕೊಟ್ಟು, ಗಂಟು ಬಿಡಿಸಿ ತೊಳೆದರು. ಒಳಗೆ ಸಿಕ್ಕಿದ್ದು ಭತ್ತದ ತೆನೆಯ ಒಂದು ಚೂಪು ಎಳೆ, ಸುಂಕು ಅಂತೀವಲ್ಲ, ಅದು. ಊರಿಂದ ತಂದ ತೆನೆಯನ್ನು ಪ್ರೀತಿಯಿಂದ ಕೊಟ್ಟವಳು ನಾನೇ. ಕೆನ್ನೆಚೀಲಕ್ಕೆ ಚುಚ್ಚಿಕೊಂಡು ಅಲ್ಲೇ ಕೀವಾಗಿತ್ತು. ಮನೆಯಲ್ಲಿ ಹ್ಯಾಮ್‌ಸ್ಟರ್ ಇರುವವರು ದಯವಿಟ್ಟು ಸುಂಕು ಇರುವ ತೆನೆ ಕೊಡಬೇಡಿ.

ಚಿನ್ನಿಗೆ ಎಚ್ಚರ ಆಗುವವರೆಗೂ ಅಲ್ಲಿನ ಕಾಂಪೌಂಡರ್ ಅಣ್ಣ ಅವಳನ್ನು ಎರಡು ಅಂಗೈ ಮಧ್ಯೆ ಇಟ್ಟುಕೊಂಡು ಕೂತಿದ್ದರು. ಟೀ ಬಂತು, ಕುಡಿಯಲಿಲ್ಲ. ಮೊದಲು ಮೀಸೆ ಅಲ್ಲಾಡಿತು. ಅವರು ನಮ್ಮ ಕಡೆ ನೋಡಿ ನಕ್ಕರು. ಆ ನಗು ನಾನು ಮರೆಯುವುದಿಲ್ಲ.

ಮನೆಗೆ ಬಂದ ಮೇಲೆ ಹದಿನೈದು ದಿನ ಗಾಯ ತೊಳೆಯಬೇಕಿತ್ತು, ದಿನಕ್ಕೆರಡು ಸಲ. ನಮ್ಮನೆಯವರು ಹಿಡಿದುಕೊಳ್ಳುತ್ತಿದ್ದರು, ನಾನು ಸೂಜಿಯಿಲ್ಲದ ಸಿರಿಂಜಿನಿಂದ ನೀರು ಬಿಡುತ್ತಿದ್ದೆ. ಇಲ್ಲಿ ನಮ್ಮ ಅತ್ತೆಯವರನ್ನು ನೆನೆಯಲೇಬೇಕು. ಮೊದಮೊದಲು "ಇಲಿಗೆ ಇಷ್ಟೆಲ್ಲಾನಾ" ಅಂದಿದ್ದು ನಿಜ. ಆದರೆ ರಾತ್ರಿ ಒಂದಕ್ಕೆ, ನಾಲ್ಕಕ್ಕೆ ಎದ್ದು ಬಾಟಲಿಗೆ ಬಿಸಿನೀರು ತುಂಬಿ, ಹಳೇ ಸೀರೆ ತುಂಡು ಸುತ್ತಿ ಗೂಡಿನ ಒಂದು ಪಕ್ಕ ಇಟ್ಟವರು ಅವರೇ. ಸೆಕೆ ಆದರೆ ಇನ್ನೊಂದು ಕಡೆ ಹೋಗಲಿ ಅಂತ ಒಂದೇ ಪಕ್ಕ. ಬೇಯಿಸಿದ ಕುಂಬಳಕಾಯಿಯನ್ನು ಬೆರಳಲ್ಲಿ ಹಿಸುಕಿ ತಿನ್ನಿಸಿದರು. ಹತ್ತನೇ ರಾತ್ರಿ ನಮ್ಮನ್ನು ಎಬ್ಬಿಸಿದ್ದೂ ಅವರೇ. "ಕೇಳ್ರೋ, ಚಕ್ರದ ಸದ್ದು!" ಚಿನ್ನಿ ಗೂಡಿನೊಳಗಿನ ಆಟದ ಚಕ್ರದಲ್ಲಿ ಮತ್ತೆ ಓಡುತ್ತಿದ್ದಳು. ಕತ್ತಲಲ್ಲಿ ನಾಲ್ಕೂ ಜನ ನಿಂತು ಕೇಳಿದೆವು.

ಇನ್ನು ಅಜ್ಜಿ. ನಿಮ್ಮ ಹೆಸರು ಕೇಳಲಿಲ್ಲ, ನಂಬರ್ ತಗೊಳ್ಳಲಿಲ್ಲ. ಯಾರಾದರೂ ನಿಮಗೆ ಇದನ್ನು ಓದಿ ಹೇಳಲಿ. ಮೇಡಂ ಮಗಳಿಗೆ ಹೇಳಿಕೊಟ್ಟಿದ್ದಾರೆ. ಚಿನ್ನಿಯ ಊರು ಸಿರಿಯಾ ದೇಶದ ಅಲೆಪ್ಪೊ ಕಡೆ. 1930ರಲ್ಲಿ ಅಲ್ಲಿ ಒಂದು ಗೋಧಿ ಹೊಲ ಅಗೆದಾಗ ತಾಯಿ, ಮರಿಗಳು ಸಿಕ್ಕವಂತೆ. ಈಗ ಮನೆಗಳಲ್ಲಿ ಸಾಕುವ ಈ ಜಾತಿಯವು ಹೆಚ್ಚುಕಮ್ಮಿ ಎಲ್ಲವೂ ಅವುಗಳ ಸಂತಾನವೇ. ವಾಪಸ್ ಬರುವಾಗ ರೈಲಿನಲ್ಲಿ ಮಗಳು ಬೋಗಿ ತುಂಬಾ ನಿಮ್ಮನ್ನು ಹುಡುಕಿದಳು, ಇದನ್ನು ಹೇಳೋಕೆ.