ತಿರಸ್ಕರಿಸಿದ ಮತಕ್ಕೂ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಮತ ಎಣಿಕೆ ಎಂದರೆ ಬರೀ ಕೂಡುವ ಲೆಕ್ಕವಲ್ಲ. ಅದಕ್ಕೂ ಮೊದಲು, ಕೈಗೆ ಬಂದ ಮತಪತ್ರ ಸಿಂಧುವೋ ಅಸಿಂಧುವೋ ಎಂದು ಯಾರೋ ತೀರ್ಮಾನಿಸಬೇಕು.

2017ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಕೆಳಮನೆಯ ಒಂದು ಸ್ಥಾನದ ಚುನಾವಣೆಯಲ್ಲಿ, ಮರುಎಣಿಕೆಯ ಬಳಿಕ ಶೆಲ್ಲಿ ಸೈಮಂಡ್ಸ್ ಒಂದೇ ಒಂದು ಮತದಿಂದ ಮುಂದಿದ್ದರು. ಆದರೆ ಒಂದು ಮತಪತ್ರದಲ್ಲಿ ಇಬ್ಬರೂ ಅಭ್ಯರ್ಥಿಗಳ ವೃತ್ತಗಳನ್ನು ತುಂಬಲಾಗಿತ್ತು. ಸೈಮಂಡ್ಸ್ ವೃತ್ತದ ಮೇಲೆ ಮಾತ್ರ ಒಂದು ಗೀಟು ಎಳೆದಿತ್ತು. ಮರುದಿನ ಮೂವರು ನ್ಯಾಯಾಧೀಶರು ಆ ಮತ ಎದುರಾಳಿ ಡೇವಿಡ್ ಯಾನ್ಸಿಗೆ ಸಲ್ಲುತ್ತದೆ ಎಂದರು. ತಲಾ 11,608 ಮತ! ಕೊನೆಗೆ ಬೋಗುಣಿಯಿಂದ ಚೀಟಿ ಎತ್ತಿ ಯಾನ್ಸಿ ಗೆದ್ದರು. ಆ ಗೀಟನ್ನು ಹೊಡೆದುಹಾಕಿದ ಗುರುತೆಂದು ಓದಿದ್ದು ನನಗೆ ಸರಿಯೆನಿಸುತ್ತದೆ. ಸೋತವರ ಕಡೆಯವರಿಗೆ ಹಾಗೆನಿಸದಿದ್ದರೆ ಅದೂ ಸಹಜವೇ.

ಮತದಾರನ ಇಂಗಿತ ಸ್ಪಷ್ಟವಾಗಿದ್ದರೆ, ಗುರುತು ಗೆರೆಯಾಚೆ ಬಿದ್ದಿದೆ ಎಂಬ ನೆಪಕ್ಕೆ ಮತವನ್ನು ಕಸದ ಬುಟ್ಟಿಗೆ ಹಾಕಬಾರದು. ಹೆಸರು, ಸಹಿ ಹಾಕಿದ ಮತಪತ್ರದ ಮಾತು ಬೇರೆ. ಅಂಥದ್ದನ್ನು ಒಪ್ಪಿದರೆ ದುಡ್ಡು ಕೊಟ್ಟವನು ತಾನು ಕೊಂಡ ಮತವನ್ನು ಎಣಿಕೆ ಮೇಜಿನ ಮೇಲೆಯೇ ಗುರುತಿಸಿಬಿಡುತ್ತಾನೆ. ಅಲ್ಲಿ ಕಟ್ಟುನಿಟ್ಟು ಬೇಕೇ ಬೇಕು.

2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ, ಫ್ಲಾರಿಡಾ ರಾಜ್ಯದಲ್ಲಿ ತೂತು ಹಾಕಿ ಮತ ನೀಡುವಾಗ ಅರೆಬರೆ ತೂತಾದ ಮತಪತ್ರಗಳನ್ನು ಹೇಗೆ ಓದಬೇಕೆಂಬ ಜಗಳ ಹುಟ್ಟಿದ್ದು ಮತದಾನ ಮುಗಿದ ಮೇಲೆ. ಅಷ್ಟರಲ್ಲಿ ಯಾವ ಅರ್ಥ ಯಾರಿಗೆ ಲಾಭ ಎಂಬುದು ಎಲ್ಲರಿಗೂ ತಿಳಿದಿತ್ತು. ಆದ್ದರಿಂದ ಸಿಂಧುತ್ವದ ನಿಯಮಗಳನ್ನು ಮಾದರಿ ಚಿತ್ರಗಳೊಂದಿಗೆ ಮತದಾನಕ್ಕೆ ಮೊದಲೇ ಪ್ರಕಟಿಸಬೇಕು. ಫಲಿತಾಂಶದ ಜೊತೆಗೆ, ಯಾವ ಕಾರಣಕ್ಕೆ ಎಷ್ಟು ಮತಗಳು ತಿರಸ್ಕೃತವಾದವು ಎಂಬ ಪಟ್ಟಿಯನ್ನೂ ಹೊರಡಿಸಬೇಕು.

— ಓರ್ವ ಓದುಗ