ಆಯಿ ಸೇವಾ ಮಾಡಿದ ನಮ್ಮ ಮುತ್ಯಾನ ಬಗ್ಗೆ ನಾಕ್ ಮಾತು

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಮುತ್ಯಾ, ಅಂದ್ರ ನಮ್ಮಪ್ಪನ ಅಪ್ಪ, ಹೋದ ತಿಂಗಳ ತೀರ್ಕೊಂಡ. ತೊಂಬತ್ತು ದಾಟಿತ್ತು. ನಿಮ್ಮ ಪೇಪರಿನ ನಿಧನ ವಾರ್ತಾದಾಗ ಪತ್ನಿ, ಇಬ್ಬರು ಮಕ್ಕಳು, ಮೂವರು ಹೆಣ್ಣುಮಕ್ಕಳು, ಮೊಮ್ಮಕ್ಕಳು ಅಂತ ಬಂದದ, ತಪ್ಪೇನಿಲ್ಲ, ಆದ್ರ ಅಷ್ಟಕ್ಕೇ ಬಿಡ್ಲಕ್ಕ ನಂಗ ಮನಸ್ಸಾಗ್ವಲ್ದು. ಮುತ್ಯಾ ಯಾವ ಪದವಿನೂ ಮಾಡ್ದಂವಲ್ಲ, ಸ್ಟೇಜ್ ಹತ್ತಿದಂವಲ್ಲ, ಶಾಲು ಹೊದ್ದಂವಲ್ಲ. ಆದ್ರ ಹೆಂಡ್ತಿ ಹಾಸಿಗಿ ಹಿಡದ ಮ್ಯಾಲ ಒಬ್ಬ ಗಂಡಸು ಹ್ಯಾಂಗ ಇರ್ಬೇಕು ಅನ್ನೋದು ನಾ ಇವನ ಹಂತ್ಯಾಕ ನೋಡೀನಿ, ಅದ್ನ ಬರೀಬೇಕು ಅನಿಸ್ತು.

ಹುಟ್ಟಿದ್ದು ಆಳಂದ ತಾಲೂಕಿನ ಒಂದು ಸಣ್ಣ ಹಳ್ಳ್ಯಾಗ. ಆಗ ನಿಜಾಮನ ರಾಜ್ಯ, ಸಾಲ್ಯಾಗ ಉರ್ದು ಕಲಿಸ್ತಿದ್ರು, ಹಿಂಗಾಗಿ ಕಡೀತನಕ ಮುತ್ಯಾ ಬಾಯಿಲೆಕ್ಕ ಮಾಡೋದು ಉರ್ದುದಾಗೇ. ನಿಜಾಮನ ಪರ ಇದ್ದ ರಜಾಕಾರರ ಪಡಿ ಹಾವಳಿ ಜೋರಾದಾಗ ಮನಿಮಂದಿ ಎಲ್ಲಾ ರಾತ್ರೋರಾತ್ರಿ ಊರು ಬಿಟ್ಟು ಸೊಲ್ಲಾಪುರ ಕಡಿ ಹೋಗಿದ್ರಂತ, 1948ರ ಸಪ್ಟೆಂಬರ್ 17ಕ್ಕ ನಿಜಾಮ ಶರಣಾದ ಮ್ಯಾಲ ತಿರುಗಿ ಬಂದ್ರ ಮನ್ಯಾಗ ಕಾಳಿಲ್ಲ, ಕೊಟ್ಟಿಗ್ಯಾಗ ಎತ್ತಿಲ್ಲ. ಅದೇ ವರ್ಷ ಅವರಪ್ಪನೂ ಹೋದ. ಇನ್ನಾ ಮೀಸಿ ಸೈತ ಮೂಡದ ಹುಡುಗಗ ಅವ್ವ, ತಂಗ್ಯಾರ ಭಾರ ಬಿತ್ತು. ಕಲಬುರಗಿಗಿ ಬಂದು ಕಾಳಿನ ಮಾರ್ಕೆಟ್ ಗಂಜ್‌ನಾಗ ಒಂದ್ ಅಡತ (ದಲಾಲಿ) ಅಂಗಡಿ ಸೇರಿದ, ಮೊದಲ ಚೀಲ ಹೊತ್ತ, ಆಮ್ಯಾಲ ಲೆಕ್ಕ ಬರಿಯೋ ಮುನೀಮ ಆದ. ತೊಗರಿ ಸೀಜನ್ ಬಂತಂದ್ರ ಡಿಸೆಂಬರ್‌ದಿಂದ ರಾತ್ರಿ ಹತ್ತಾದ್ರೂ ಮನಿಗಿ ಬರ್ತಿರ್ಲಿಲ್ಲ. ಆ ಪಗಾರದಾಗೇ ತಂಗ್ಯಾರ ಮದುವಿ, ಆಮ್ಯಾಲ ತನ್ನ ಮಕ್ಕಳ ಸಾಲಿ. 1972ರ ಬರದಾಗ ಹಳ್ಳಿ ಮಂದಿ ಎಲ್ಲಾ ಕಲ್ಲು ಒಡಿಯೋ ಕೆಲಸಕ್ಕ ಹೋದಾಗ ಊರಾಗಿನ ಅಣ್ಣತಮ್ಮರ ಮಕ್ಕಳನ್ನ ಕರ್ಕೊಂಡ್ ಬಂದು ಎರಡು ಖೋಲಿ ಮನ್ಯಾಗ ಇಟ್ಕೊಂಡಿದ್ದ. ನಮ್ಮ ಆಯಿ, ಮುತ್ಯಾನ ಹೆಂಡ್ತಿ, ಎಲ್ಲಾರಿಗೂ ಒಂದೊಂದು ರೊಟ್ಟಿ ಕೊಟ್ಟು ತಾ ನೀರು ಕುಡದು ಮಲಗ್ತಿದ್ಳು, ಅದು ಮುತ್ಯಾಗ ಭಾಳ ದಿನದ ಮ್ಯಾಲ ಗೊತ್ತಾತಂತ. ಈ ಮಾತು ಹೇಳುವಾಗೆಲ್ಲಾ ಅವನ ದನಿ ಬದಲಾಗ್ತಿತ್ತು. ಆಯಿದು ಋಣ ಅದ ಅಂತಿದ್ದ.

ಆಯಿಗಿ ಲಕ್ವಾ ಹೊಡದಾಗ ಮುತ್ಯಾ ಎಪ್ಪತ್ತರ ಮ್ಯಾಲ ಇದ್ದ. ಬಲಗಡಿ ಕೈ ಕಾಲು ಪೂರಾ ಹೋದ್ವು. ಸೊಸ್ತೇರು ಇದ್ರು, ಹೆಣ್ಣುಮಕ್ಕಳು ಕರ್ಕೊಂಡ್ ಹೋಗ್ತೀವಿ ಅಂದ್ರು, ಮುತ್ಯಾ ಒಪ್ಪಲಿಲ್ಲ. ಜಳಕ ಮಾಡ್ಸೋದು, ತಲಿ ಹಿಕ್ಕೋದು, ಕುಂಕುಮ ಹಚ್ಚೋದು, ಹಾಸಿಗಿ ಬಟ್ಟಿ ಒಗ್ಯೋದು, ಎಲ್ಲಾ ತಾನೇ. ಒಂದೇ ಮಗ್ಗಲಾಗ ಮಲಗಿದ್ರ ಬೆನ್ನಿಗಿ ಹುಣ್ಣಾಗ್ತಾವ, ಎರಡು ತಾಸಿಗೊಮ್ಮಿ ಮಗ್ಗಲ ಬದಲಿಸ್ರಿ ಅಂತ ಡಾಕ್ಟರ್ ಹೇಳಿದ್ರು, ಮುತ್ಯಾ ಗಡಿಯಾರಕ್ಕ ಅಲಾರಂ ಇಟ್ಟು ನಡುರಾತ್ರ್ಯಾಗೂ ಏಳ್ತಿದ್ದ. ಇಷ್ಟು ವರ್ಷದಾಗ ಆಯಿ ಬೆನ್ನಿಗಿ ಒಂದು ಹುಣ್ಣು ಆಗಿಲ್ರಿ, ಇದು ಸಣ್ಣ ಮಾತಲ್ಲ, ದವಾಖಾನಿ ನರ್ಸ್ ಬಂದು ನೋಡಿ ಯಾರು ನೋಡ್ಕೋತಾರ ಇವ್ರನ್ನ ಅಂತ ಕೇಳಿದ್ಳು.

ರೊಟ್ಟಿ ಬಡಿಯೋದೂ ಕಲ್ತ. ಆಯಿಗಿ ಬ್ಯಾರೆಯವ್ರ ಕೈಯಾಗಿನ ರೊಟ್ಟಿ ಸೇರ್ತಿರ್ಲಿಲ್ಲ, ಅದ್ಕ. ಆಯಿ ಹೊರಸಿನ ಮ್ಯಾಲ ಮಲ್ಕೊಂಡು ಹೇಳೋಕಿ, ಮುತ್ಯಾ ಮಾಡಂವ. "ಅಂಚು ಸೀಳ್ಲಕತ್ತಾದ ನೋಡ್ರಿ, ಎಸರು ಸಾಲಿಲ್ಲ, ಹಿಟ್ಟು ಇನ್ನಾ ನಾದ್ರಿ" ಅಂತ ತೊದಲ್ತಾ ಹೇಳ್ತಿದ್ಳು. ಮೊದಮೊದಲ ಹಂಚಿನ ಮ್ಯಾಲ ಹಾಕೋದ್ರಾಗೇ ಹರೀತಿದ್ವು, ನೀರು ಹಚ್ಚೋ ಬಟ್ಟಿ ಹಿಡದು ಕೈ ಸುಟ್ಕೋತಿದ್ದ, ಒಂದೆರಡು ತಿಂಗಳದಾಗ ಛಲೋ ದುಂಡಗ ಬರ್ಲಕತ್ವು. ಬಿಸಿ ರೊಟ್ಟಿ ಹಾಲಿನ್ಯಾಗ ನೆನಸಿ ತಿನಿಸಿದ ಮ್ಯಾಲೇ ತಾ ಉಣ್ತಿದ್ದ. ಮುಂಜಾನಿ ನಿಮ್ಮ ಪೇಪರ್ ಬಂದ ಕೂಡ್ಲೇ ಹೊರಸಿನ ಬಾಜೂಕ ಕುಂತು ಓದಿ ಹೇಳ್ತಿದ್ದ, ಮಳಿ ಸುದ್ದಿ, ತೊಗರಿ ರೇಟು, ಯಾರ ಮನ್ಯಾಗ ಏನು. ಬ್ಯಾಸಗ್ಯಾಗ ನಮ್ಮ ಊರಿನ ಬಿಸಲು ನಿಮಗ ಗೊತ್ತೇ ಅದ, ಪರಸಿ ಮ್ಯಾಲ ಕಾಲಿಡ್ಲಕ್ಕ ಆಗಲ್ಲ, ಮಧ್ಯಾಹ್ನ ಪೂರಾ ನೀರು ಹೊಡ್ಕೋತ ಕೂಡಂವ. ಹೋಳಿ ಹುಣ್ಣಿಮಿ ಆದ ಮ್ಯಾಲ ಶರಣಬಸವೇಶ್ವರ ಜಾತ್ರಿಗಿ ಆಟೋದಾಗ ಕರ್ಕೊಂಡ್ ಹೋಗಿ ದೂರದಿಂದ್ಲೇ ತೇರು ತೋರಿಸಿ, ಅವಳ ಎಡಗೈಯಾಗ ಉತ್ತತ್ತಿ ಹಿಡಿಸಿ ತೇರಿನ ಕಡಿ ಒಗಿಸ್ತಿದ್ದ.

ಓಣ್ಯಾಗ ಮಂದಿ ನಕ್ಕಾರ. ಹೆಂಡ್ತಿ ಸೀರಿ ಒಗಿತಾನ, ಗಂಡಸೇನು ಇವ ಅಂದಾರ. ಇದು ಒಂದ್ ಮನಿ ಕಥಿ ಅಲ್ಲ ಸರ್, ನಮ್ಮ ಕಡಿ ಗಂಡ ಮಲಗಿದ್ರ ಹೆಂಡ್ತಿ ಮಾಡ್ಬೇಕು, ಹೆಂಡ್ತಿ ಮಲಗಿದ್ರ ಸೊಸಿ ಮಾಡ್ಬೇಕು ಅಂತ ಆಗ್ಯಾದ, ಗಂಡ ಮಾಡಿದ್ರ ನಗತಾರ, ಇದು ತಪ್ಪು, ನಿಮ್ಮಂಥ ಪೇಪರ್‌ನೋರು ಇದ್ರ ಬಗ್ಗೆ ಬರೀಬೇಕು. ಮುತ್ಯಾ ಯಾರಿಗೂ ತಿರುಗಿ ಅಂದಿಲ್ಲ. ಹಂಗ ನಕ್ಕವ್ರಾಗ ಒಬ್ರ ಹೆಂಡ್ತಿ ಮುಂದೊಮ್ಮಿ ಬಿದ್ದು ಟೊಂಕ ಮುರ್ಕೊಂಡಾಗ ಅವ್ರು ಮುತ್ಯಾನ ಹಂತ್ಯಾಕೇ ಬಂದ್ರು, ಹ್ಯಾಂಗ ಎತ್ತಬೇಕು, ಹ್ಯಾಂಗ ಮಗ್ಗಲ ಮಾಡ್ಬೇಕು ಅಂತ. ಮುತ್ಯಾ ಕೋಲು ಊರ್ಕೋತ ದಿನಾ ಮುಂಜಾನಿ ಅವ್ರ ಮನಿಗಿ ಹೋಗಿ ಕಲಿಸಿ ಬಂದ.

ಆಯಿ ಇನ್ನಾ ಇದ್ದಾಳ. ಈಗ ನಮ್ಮಪ್ಪ, ಕಾಕಾ ಪಾಳಿ ಹಚ್ಕೊಂಡು ಮಾಡ್ಲಕತ್ತಾರ, ಅಲಾರಂ ಅದೇ ಅದ. ಪೇಪರ್ ನಾ ಓದಿ ಹೇಳ್ತೀನಿ, ಕೇಳ್ತಾಳ, ಎಲ್ಲಾ ತಿಳೀತದ ಅಕಿಗಿ. ಈ ಪತ್ರ ಉದ್ದ ಆಗ್ಯಾದ, ಕತ್ತರಿಸಿ ಹಾಕಿದ್ರೂ ನಡೀತದ, ಆದ್ರ ರೊಟ್ಟಿ ಮಾತು, ಜಾತ್ರಿ ಮಾತು ತೆಗಿಬ್ಯಾಡ್ರಿ, ಅಕಿಗಿ ಓದಿ ಹೇಳೋದದ.

ಇತಿ,
ಒಬ್ಬ ಮೊಮ್ಮಗಳು, ಕಲಬುರಗಿ